ದಶಮೂಲಾರಿಷ್ಟದ ಸೀಸೆ

ಹಡಗು ಚೆನ್ನೈನಲ್ಲಿ. ನಾವಿನ್ನೂ ಕಾಮಾಕ್ಷಿಪಾಳ್ಯದಲ್ಲಿ,
ಅಡುಗೆಮನೆಯಲ್ಲಿ, ರಾತ್ರಿ ಹನ್ನೊಂದೂವರೆಯಲ್ಲಿ.
ಇವರು ಕನ್ನಡಕ ಹಣೆಗೇರಿಸಿ
ಎಣ್ಣೆ ಬಗ್ಗಿಸುವ ಆಲಿಕೆ ಹಿಡಿದು
ರಮ್ಮು ಸುರಿಯುತ್ತಿದ್ದಾರೆ
ದಶಮೂಲಾರಿಷ್ಟದ ಖಾಲಿ ಸೀಸೆಗೆ.

ಬಣ್ಣ ಒಂದೇ ನೋಡೇ, ಎನ್ನುತ್ತಾರೆ ಬಲ್ಬಿಗೆ ಹಿಡಿದು.
ಉಪಾಯ ಎದುರುಮನೆ ಡೆನ್ಜಿಲನದು.
ಹೋದ ವರ್ಷ ಅವನು ಶಾಂಪೂ ಡಬ್ಬಿಯಲ್ಲಿ ಒಯ್ದು
ಮೂರು ದಿನ ನೊರೆ ಕುಡಿದನಂತೆ.

ಚೀಟಿ ಎತ್ತಿದ ದುಡ್ಡು. ಕಿಟಕಿಯಿಲ್ಲದ ಕೋಣೆ, ಮೂರು ರಾತ್ರಿ.
ಟಿಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ:
ಹೊರಗಿನ ಮದ್ಯ ತರುವಂತಿಲ್ಲ, ಪಾನೀಯ ತರುವಂತಿಲ್ಲ,
ನೀರನ್ನೂ ತರುವಂತಿಲ್ಲ.
ಮಜ್ಜಿಗೆ? ಎಂದೆ. ಅದೂ ಪಾನೀಯವೇ, ಎಂದರು
ಕಾಯ್ದೆ ಓದಿ ಹೇಳುವ ದನಿಯಲ್ಲಿ.
ಅಲ್ಲಿ ಒಂದು ಪೆಗ್ಗಿಗೆ ಕೇಳುವ ದುಡ್ಡಿಗೆ
ನಮ್ಮನೆಗೆ ಹದಿನೈದು ದಿನ ಹಾಲು ಬರುತ್ತದೆ.

ಇವರು ಗಂಗಹನುಮಯ್ಯ, ಅಬಕಾರಿ ಇನ್ಸ್‌ಪೆಕ್ಟರು, ನಿವೃತ್ತರು.
ಅತ್ತಿಬೆಲೆ ಚೆಕ್‌ಪೋಸ್ಟಿನಲ್ಲಿ ಹಾಲಿನ ಕ್ಯಾನಿಗೆ
ಮೂಗಿಟ್ಟೇ ಹೇಳುತ್ತಿದ್ದರು, ಇದು ಹಾಲಲ್ಲ.
ಲಾರಿ ತುಂಬಿದ ಎಳನೀರಿನಲ್ಲಿ ಯಾವುದು ಎಳನೀರಲ್ಲ,
ಹೆಣದ ವ್ಯಾನಿನ ಐಸಿನಡಿ ಇನ್ನೇನಿದೆ,
ಎಲ್ಲ ಗೊತ್ತಿತ್ತು.
ಮನೆಯಲ್ಲಿ ಮಾತ್ರ,
ಸಾಸಿವೆ ಡಬ್ಬಿಯಲ್ಲಿ ನಾನಿಟ್ಟ ನೋಟುಗಳು
ಮೂವತ್ತೆರಡು ವರ್ಷ ಕಾಣಲಿಲ್ಲ.

ಸೀಸೆ ಅರ್ಧ ತುಂಬಿತ್ತು. ಕೈ ನಿಂತಿತು.
ಹೆಬ್ಬೆರಳು ಲೇಬಲ್ಲಿನ ಮೇಲೆ: ಬಾಣಂತಿಯರಿಗೆ.
ಆ ಹೆಂಗಸು ನೆನಪಿದ್ದಾಳಾ ನಿಂಗೆ, ಎಂದರು.
ನಾನು ನೋಡಿದವಳಲ್ಲ. ಕೇಳಿದ್ದು, ಒಂದೇ ಸಲ.

ಹೊಸೂರು ಬಸ್ಸಿಂದ ಇಳಿದವಳು, ಎಂಟು ತಿಂಗಳ ಬಸುರಿಯ ನಡಿಗೆ.
ನಡಿಗೆಯಲ್ಲಿ ತಪ್ಪಿರಲಿಲ್ಲವಂತೆ;
ತಿರುಗುವಾಗ ಹೊಟ್ಟೆ ಗುಳುಗುಳು ಎಂದಿತಂತೆ.
ಸೆರಗಿನಡಿ ಲಾರಿ ಟ್ಯೂಬು, ಟ್ಯೂಬಿನ ತುಂಬ ಕಳ್ಳಭಟ್ಟಿ.
ಅವತ್ತು ಹೆಣ್ಣು ಪೇದೆ ರಜೆ. ಇವರೇ ಬ್ಲೇಡು ಹಾಕಿದರು.
ಬಸ್ಸಿನ ಕಿಟಕಿಗಳೆಲ್ಲ ನೋಡುತ್ತಿದ್ದಂತೆ
ಅವಳ ಹೊಟ್ಟೆ ಇಳಿಯಿತು.
ಅತ್ತಳಾ? ಇಲ್ಲವಂತೆ. ಎರಡೂ ಕೈ
ಇಲ್ಲದ ಹೊಟ್ಟೆಯ ಮೇಲೇ ಇಟ್ಟುಕೊಂಡು ನಿಂತಿದ್ದಳಂತೆ.

ಆಗ ನನಗೆ ಆರು ತಿಂಗಳು.
ಆ ರಾತ್ರಿ ಬಂದು ನನ್ನ ಹೊಟ್ಟೆಯ ಮೇಲೆ ಅಂಗೈಯಿಟ್ಟು
ಬಹಳ ಹೊತ್ತು ತೆಗೆಯಲಿಲ್ಲ.
ಮುದ್ದೋ, ತಪಾಸಣೆಯೋ,
ಇವತ್ತಿಗೂ ಕೇಳಿಲ್ಲ.

ಬೇಡ ಬಿಡು, ಎಂದು ಸೀಸೆಯನ್ನು ಸಿಂಕಿನ ಪಕ್ಕ ಇಟ್ಟರು.
ಅಲ್ಲೂ ಯಾವನೋ ಹುಡುಗ ಗೇಟಲ್ಲಿ ನಿಂತಿರ್ತಾನೆ,
ಮೂಗಿರೋನು.
ಕೈ ತೊಳೆದರು, ಮತ್ತೊಮ್ಮೆ ತೊಳೆದರು, ಮಲಗಿದರು.
ಗೊರಕೆಗೆ ಹತ್ತು ನಿಮಿಷ ಕಾದೆ.

ನನಗೆ ಅರವತ್ತೊಂದು.
ಇವರ ಖಾಕಿಯಿಂದ ಊರೆಲ್ಲದರ ಸಾರಾಯಿ ವಾಸನೆ ಒಗೆದವಳು,
ನಾಲಿಗೆಗೆ ಒಂದು ಹನಿ ಮುಟ್ಟಿಸಿದವಳಲ್ಲ.
ಆಲಿಕೆ ಹುಡುಕಿ ಉಳಿದರ್ಧ ನಾನೇ ತುಂಬಿದೆ.
ಮುಚ್ಚಳ ಬಿಗಿದು ಮೇಣದಬತ್ತಿ ತೊಟ್ಟಿಕ್ಕಿಸಿದೆ.
ಇನ್ನೊಂದು ಸೀಸೆಯ ನಿಜವಾದ ಅರಿಷ್ಟ ಒಂದು ಚಮಚ
ಕತ್ತಿನ ಸುತ್ತ ಸವರಿದೆ,
ಆ ಮೂಗಿರುವ ಹುಡುಗನಿಗೆಂದು.
ಮಂಡಿನೋವಿನ ಎಣ್ಣೆ, ಇಸಬ್‌ಗೋಲು, ಬಿಪಿ ಮಾತ್ರೆ:
ಮುದುಕಿಯ ಔಷಧಿ ಚೀಲವನ್ನು
ಯಾರೂ ತಳದವರೆಗೆ ನೋಡುವುದಿಲ್ಲ.

ನಾಲ್ಕೂಕಾಲಿಗೆ ಆಟೋ. ಮಾಗಡಿ ರಸ್ತೆ ಖಾಲಿ.
ಹಾಲಿನ ವ್ಯಾನೊಂದು ಸ್ವಲ್ಪ ದೂರ ಪಕ್ಕದಲ್ಲೇ ಓಡಿತು.
ಇವರು ತಿರುಗಿ ಮೂಗರಳಿಸಿದರು, ಹಳೇ ಚಾಳಿ.
ಹಾಲೇ, ಎಂದರು.
ಹೂಂ, ಎಂದೆ. ಚೀಲವನ್ನು
ಮಡಿಲಿಗೆ ಎಳೆದುಕೊಂಡೆ.