ಹೃದಯ ಇಲ್ಲದ್ದು

"ಹೃದಯ ಇಲ್ಲದ ಕಾರ್ಡ್ ಅದಾವೇನ್ರೀ?"
ಖಡೇಬಜಾರಿನ ಅಂಗಡಿಯಾಂವ
ನನ್ನ ಬಿಳೇ ಕೂದಲಾ ನೋಡಿ
ಮರುಗಿ, ಕುರ್ಚಿ ಕೊಟ್ಟ.

ಪ್ರೇಮಿಗಳ ದಿನ ಖರೆ,
ನನಗ ಬೇಕಾದದ್ದು ಗೆಳತ್ಯಾರಿಗೆ.

ಕಪ್ಪಿ ಚಿತ್ರದ್ದು ಮೆಹಜಬೀನಗ —
ಕಾಲೇಜಿನ್ಯಾಗ ಕಪ್ಪಿ ಕೊಯ್ಯೋ ಮುಂದ
ಧಪ್ಪಂತ ಬಿದ್ದಾಕಿ
ಈಗ ಊರ ಮಂದಿ ಹೊಟ್ಟಿ ಕೊಯ್ತಾಳ.
ಗೂಬಿ, ಸುಲೋಚನಾಗ. ಕಾರಣ ಆಕೀಗೆ ಗೊತ್ತು.

ಚಂಪಾವತಿಗೆ ಮಾತ್ರ ಏನೂ ಒಪ್ಪಲಿಲ್ಲ.
ಕಡೀಕ ದೊಡ್ಡದೊಂದು ಕೆಂಪು ಹೃದಯಾನ
ತೆಲಿಕೆಳಗ ಮಾಡಿ, ಬಾಲ ಎಳದು,
ಪೆನ್ನಿಲೆ ಕರ್ರಗ ತುಂಬಿದೆ:
ಇಸ್ಪೀಟ್ ಎಕ್ಕಾ!
ಅಂಗಡಿಯಾಂವ ಕುರ್ಚಿ ವಾಪಸ್ ಕೇಳೋಹಂಗ ನೋಡಿದ.

ಹಾಸ್ಟೆಲಿನ್ಯಾಗ ಆಟ ಸೋತು
ಆಕೀಗೆ ನಾ ಕೊಡೋದು ಹದಿನಾಲ್ಕು ರೂಪಾಯಿ,
ಮೂವತ್ತೊಂದು ವರ್ಷಾತು.
ಒಳಗ ಬರದೆ:
"ಬಾಕಿ ಮುಂದಿನ ವರ್ಷ."