ಬಿಸಿಯಾದಾಗ ಮಾತ್ರ

ಬೆಳಗ್ಗೆ ಐದಕ್ಕೆ ಒಂದೇ ಸಲಕ್ಕೆ ಏಳುತ್ತಾಳೆ ಪದ್ಮಿನಿ.
ಚೋಕ್ ಎಳೆದು ಎರಡು ಸಲ ಪೆಡಲ್ ತುಳಿದರೆ ಸಾಕು,
ಶಿಡ್ಲಘಟ್ಟದ ನಮ್ಮ ಓಣಿಯ ನಾಯಿಗಳೆಲ್ಲ ಎದ್ದು ಕೂರುತ್ತವೆ.
ತಕರಾರು ಶುರುವಾಗುವುದು ಹನ್ನೊಂದರ ಮೇಲೆ,
ಎಚ್ ಕ್ರಾಸಿನಲ್ಲಿ ನಿಲ್ಲಿಸಿ ಒಂದು ಟೀ ಕುಡಿದು ಬಂದಾಗ.

ಸೆಲ್ಫ್ ತಿರುಗುತ್ತದೆ, ತಿರುಗುತ್ತದೆ, ಸುಮ್ಮನೆ ತಿರುಗುತ್ತದೆ.
ಟೀ ಅಂಗಡಿಯವನು ಹೇಳಿದ: ಬ್ಯಾಟರಿ.
ಬಸ್ಸಿಗೆ ಕಾಯುತ್ತಿದ್ದ ಮೇಷ್ಟ್ರು ಹೇಳಿದರು: ಕಾಯಿಲ್.
ಕಾಯಿಲ್ ಬದಲಿಸಿದೆ, ಪ್ಲಗ್ ಬದಲಿಸಿದೆ,
ಕೊನೆಗೆ ಬಂಪರಿಗೆ ಕಟ್ಟಿದ ನಿಂಬೆಹಣ್ಣನ್ನೂ ಬದಲಿಸಿದೆ.

ಪಿಳ್ಳಪ್ಪ ಏನನ್ನೂ ಬದಲಿಸಲಿಲ್ಲ.
"ಬಿಸಿ ಮಾಡ್ಕೊಂಡು ಬಾ ಕದಿರಪ್ಪ" ಎಂದ.
ದಿಬ್ಬೂರಹಳ್ಳಿ ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ತಂದೆ.
ಎಂಜಿನ್ ಆರಿಸಿ, ಬಾನೆಟ್ ಮುಚ್ಚಿಯೇ ಬಿಟ್ಟು,
ರಸ್ತೆಯಾಚೆ ನಿಂತು ಒಂದು ಬೀಡಿ ಮುಗಿಯುವ ತನಕ
ಗೂಡಿನ ರೇಟು ವಿಚಾರಿಸಿದ.
ರೋಗ ಬರಲಿ ಅಂತ ಕಾಯುವ ವೈದ್ಯನನ್ನು
ಅವತ್ತೇ ನಾನು ಕಂಡದ್ದು.

ಆಮೇಲೆ ಏರ್ ಫಿಲ್ಟರ್ ಬಿಚ್ಚಿ
ಕಾರ್ಬೊರೇಟರಿನ ಬಾಯಿಗೆ ಮೂಗಿಟ್ಟ.
"ಪೆಟ್ರೋಲ್ ಗಮ್ಮಂದ್ರೆ ಹೊಟ್ಟೆ ತುಂಬಿ ಉಕ್ಕೈತೆ ಅಂತ.
ವಾಸನೆ ಇಲ್ದಿದ್ರೆ ಉಪವಾಸ.
ಎರಡೂ ಒಂದೇ ಥರ ಕೆಮ್ತವೆ, ಮದ್ದು ಮಾತ್ರ ಬೇರೆ."
ನನ್ನ ಕೈಗೆ ಟಾರ್ಚು ಕೊಟ್ಟು ಆಕ್ಸಿಲರೇಟರ್ ಒತ್ತಿದ.
ಜೆಟ್ಟಿನಿಂದ ಚಿಮ್ಮಬೇಕಾದ ಸಣ್ಣ ಗೆರೆ
ಚಿಮ್ಮಲಿಲ್ಲ. ಒಂದು ಹನಿ ತೂಗಿತು,
ಅದೂ ಆರಿಹೋಯಿತು.

ಗೋಣಿಯ ತುಂಡು ನೀರಲ್ಲಿ ಅದ್ದಿ
ಪಂಪಿನ ಮೇಲೆ ಹೊದಿಸಿದ. ಚುಸ್ಸೆಂದಿತು.
ಇನ್ನೂರ ಹತ್ತು ಎಣಿಸುವಷ್ಟರಲ್ಲಿ
ಹಿಡಿಯಿತು.
"ಪೈಪಲ್ಲಿ ಆವಿ" ಅಂದ.
"ಪಂಪು ಪೆಟ್ರೋಲ್ ಎಳೀತದೆ. ಆವೀನ ಹಿಡಿದು ಎಳೆಯೋಕಾಗ್ತದಾ?"

ಇದನ್ನು ನನಗೆ ಹೇಳಬೇಕೆ?
ಇಪ್ಪತ್ತೆರಡು ವರ್ಷ ಗೂಡು ಬೇಯಿಸಿ ನೂಲು ತೆಗೆದವನು ನಾನು.
ನೀರು ತಣ್ಣಗಿದ್ದರೆ ಎಳೆ ಬಿಡುವುದಿಲ್ಲ,
ಕುದಿ ಹೆಚ್ಚಾದರೆ ಎಳೆಯೇ ಸಿಗದೆ ಬರೀ ಜೊಟ್ಟು.
ಬೆರಳು ಸುಟ್ಟುಕೊಂಡು ಕಲಿತದ್ದು.
ಆದರೂ ಮೂರು ಬೇಸಿಗೆ, ನನ್ನದೇ ಬಾನೆಟ್ಟಿನಡಿ
ಎಳೆ ಕಡಿಯುತ್ತಿದ್ದುದು ಗೊತ್ತಾಗಲಿಲ್ಲ.

ಪಂಪು ಬಿಚ್ಚಿದ. ಎಂಜಿನ್ನಿಗೂ ಅದಕ್ಕೂ ನಡುವೆ ಇರಬೇಕಾದದ್ದು
ಶಾಖ ತಡೆಯುವ ಕಪ್ಪು ಬೇಕಲೈಟ್ ಬಿಲ್ಲೆ.
ಇದ್ದದ್ದು ಕಾಗದ. ಮಡಿಸಿ ಮಡಿಸಿ,
ಎರಡು ಬೋಲ್ಟಿನ ತೂತು ಸಮೇತ
ನೀಟಾಗಿ ಕತ್ತರಿಸಿದ್ದು.
ಪಿಳ್ಳಪ್ಪ ಪದರ ಬಿಡಿಸಿ ಬೆಳಕಿಗೆ ಹಿಡಿದ.
ಎಣ್ಣೆ ಕುಡಿದ ಕಾಗದದಲ್ಲಿ ಏಕಾದಶಿ, ಸಂಕಷ್ಟಿ,
ಕೆಳಗೆ ಅರ್ಧ ಕತ್ತರಿಸಿಹೋದ ಅವನದೇ ಗ್ಯಾರೇಜಿನ ಹೆಸರು.
ಅವನು ಏನೂ ಹೇಳಲಿಲ್ಲ.
ನಾನು ಓದಲು ಬಾರದವನಂತೆ ಟಾರ್ಚು ಆರಿಸಿದೆ.

ಬಿಲ್ಲೆ ಚಿಂತಾಮಣಿಯ ಗುಜರಿಯಲ್ಲಿ ಸಿಕ್ಕಿತು, ನೂರಿಪ್ಪತ್ತು ರೂಪಾಯಿ.
ಕೂಲಿ ಎಷ್ಟು ಅಂದರೆ
ಪಾನಾಗಳನ್ನು ಒಂದೊಂದಾಗಿ ಒರೆಸುತ್ತ ಕೂತ.

ಈಗ ಎರಡು ಟೀ ಕುಡಿದು ಬಂದರೂ ಏಳುತ್ತಾಳೆ.
ಗೋಣಿತುಂಡು ಡಿಕ್ಕಿಯಲ್ಲೇ ಇದೆ, ಒಣಗಿ.
ಎಚ್ ಕ್ರಾಸಿನವನು ಸಕ್ಕರೆ ಕಲಕುತ್ತ ಕೇಳುತ್ತಾನೆ:
"ನಾನು ಹೇಳ್ಲಿಲ್ವಾ, ಬ್ಯಾಟರಿ ಅಂತ?"