ಹೊರಗಾದದ್ದು

ದ್ವೀಪದಿಂದ ಡಬ್ಬಿ ಬಂತು, ಬುಧವಾರದ ಬಸ್ಸಿನಲ್ಲಿ,
ಸಾರೆಮಾದಿಂದ ತಾರ್ತುವಿಗೆ, ನನ್ನ ಮೇಜಿಗೆ.
ಬಿಳಿ ಮುಚ್ಚಳ, ಒಳಗೆ ಫಾರ್ಮಲಿನ್,
ಅದರಲ್ಲಿ ಮುಳುಗಿದ ಒಂದು ಕರುಳುಬಾಲ,
ನನ್ನ ಕಿರುಬೆರಳಿಗಿಂತ ತುಸು ಉದ್ದ.
ಚೀಟಿ: ಉರ್ವೆ, ಮೂವತ್ತೆರಡು.
ಬಲಗಡೆ ಕೆಳಹೊಟ್ಟೆ ನೋವು, ಅಪೆಂಡಿಸೈಟಿಸ್ ಶಂಕೆ.
ಅದರ ಕೆಳಗೆ ಸರ್ಜನ್ನರ ಅವಸರದ ಅಕ್ಷರ:
ಊತವಿಲ್ಲ, ಕೀವಿಲ್ಲ. ನೋಡಲು ಸರಿಯಾಗಿದೆ.

ನೋಡಲು ಸರಿಯಾಗಿದ್ದವು ವಾರವಾರವೂ ಬರುತ್ತವೆ.
ತುದಿಯಿಂದೊಂದು, ನಡುವಿನಿಂದೊಂದು, ಬುಡದಿಂದೊಂದು
ಚೂರು ಕೊಯ್ದು, ಮಿಕ್ಕದ್ದನ್ನು ಡಬ್ಬಿಗೇ ಹಾಕಿ
ಕಾಫಿಗೆ ಏಳುವುದು ರೂಢಿ.

ಏಳುತ್ತಿದ್ದೆ,
ಚೀಟಿಯ ಮೂಲೆಯಲ್ಲಿ ಪೆನ್ಸಿಲ್ಲಿನ ಗೀಚು ಕಾಣದಿದ್ದರೆ.
ರಾತ್ರಿ ಪಾಳಿಯ ನರ್ಸ್ ಇರಬೇಕು, ಹೆಸರು ಹಾಕಿಲ್ಲ:
ಇವತ್ತು ಮುಟ್ಟಿನ ಮೊದಲ ದಿನ.
ಹೋದ ಸಲ ಬಂದಾಗಲೂ ಮೊದಲ ದಿನವೇ ಅಂತೆ.
ಅದರ ಹಿಂದಿನ ಸಲವೂ. ಯಾರೂ ಕೇಳಿರಲಿಲ್ಲ, ನಾನು ಕೇಳಿದೆ.

ಪೂರ್ತಿ ಕೊಯ್ದೆ. ಸೌತೆಕಾಯಿ ಹೆಚ್ಚಿದ ಹಾಗೆ ಬಿಲ್ಲೆಬಿಲ್ಲೆಯಾಗಿ,
ಒಂದನ್ನೂ ಉಳಿಸದೆ.

ಶುಕ್ರವಾರ ಗಾಜಿನ ಮೇಲೆ ಗುಲಾಬಿ, ನೇರಳೆ.
ಕಿಟಕಿಯಾಚೆ ಎಮಾಯೊಗಿ ನದಿ ಅರ್ಧ ಹೆಪ್ಪುಗಟ್ಟಿತ್ತು.
ಹನ್ನೊಂದನೆಯ ಬಿಲ್ಲೆಯಲ್ಲಿ, ಸ್ನಾಯುವಿನ ನಡುವೆ,
ಅಲ್ಲಿರಬಾರದ ಒಂದು ಉಂಗುರ.
ಗರ್ಭಕೋಶದ ಒಳಪದರ!
ತವರು ಬಿಟ್ಟು ಇಷ್ಟು ದೂರ ಬಂದು
ಕರುಳಿನ ಗೋಡೆಯೊಳಗೆ ಕೋಣೆ ಮಾಡಿಕೊಂಡು,
ತವರಿನ ತಿಥಿ ಮರೆಯದೆ
ತಿಂಗಳು ತಿಂಗಳು ಅದೂ ಹೊರಗಾಗುತ್ತಿತ್ತು,
ಹೊರಗೆಂಬುದೇ ಇಲ್ಲದ ಕಡೆ.
ಸುತ್ತ ಕಂದು ತುಕ್ಕು. ಹಳೆಯ ರಕ್ತ,
ಹೋಗಲು ದಾರಿ ಸಿಗದೆ ಕಬ್ಬಿಣವಾಗಿ ಕೂತದ್ದು.

ಕಡತ ತರಿಸಿದೆ.
ಹತ್ತೊಂಬತ್ತಕ್ಕೆ ಮೊದಲ ಸಲ: ಅಜೀರ್ಣ.
ಇಪ್ಪತ್ತಮೂರಕ್ಕೆ: ಮನಸ್ಸಿನ ಒತ್ತಡ.
ಇಪ್ಪತ್ತೇಳಕ್ಕೆ: ಒಂದು ಮಗುವಾದರೆ ಸರಿಹೋಗುತ್ತದೆ.
ಉದ್ಯೋಗ: ಕುಯ್ವಾಸ್ತು ಫೆರಿ, ಡೆಕ್ಕಿನ ಕೆಲಸ.

ಅಲ್ಲಿ ಕೈ ನಿಂತಿತು.
ಬಸ್ಸಿಗೆ ಬೇರೆ ದಾರಿಯಿಲ್ಲ.
ಅವಳು ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾಗ
ಅವಳ ಕರುಳಿನ ತುದಿ ಅವಳದೇ ಹಡಗು ಹತ್ತಿ,
ಅವಳು ದಿನಾ ಕೈಬೀಸಿ ಲಾರಿ ನಿಲ್ಲಿಸುವ ಜಾಗದಲ್ಲೇ ನಿಂತು
ಕಡಲು ದಾಟಿತ್ತು, ಟಿಕೆಟ್ಟಿಲ್ಲದೆ.

ವರದಿ ಆರು ಸಾಲು.
ಏಳನೆಯದನ್ನು ಬರೆದು ಅಳಿಸಿದೆ, ಮತ್ತೆ ಬರೆದೆ:
ಇದು ಇಲ್ಲೊಂದೇ ಕಡೆ ಮನೆ ಮಾಡಿರಲಾರದು. ಕೆಳಗೂ ಹುಡುಕಿ.
ನೋವೆಲ್ಲ ಇದರದೇ ಎಂದು ಆಣೆಯಿಟ್ಟು ಹೇಳಲಾರೆ;
ಅದನ್ನೂ ಬರೆದೆ.

ಸಂಜೆ ನೆಲಮಾಳಿಗೆಗೆ ಇಳಿದೆ.
ಹಳೆಯ ಗಾಜುಗಳ ಮರದ ಪೆಟ್ಟಿಗೆಗಳು, ವರ್ಷವಾರು.
ಎಪ್ಪತ್ತೆಂಟು, ಮಾರ್ಚ್. ಹಿಲ್ಯಾ, ನನ್ನ ಅಮ್ಮ.
ಸಾಮೂಹಿಕ ಫಾರ್ಮಿನ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳು,
ತಿಂಗಳಿಗೆರಡು ದಿನ ಹಸುವಿನ ಪಕ್ಕೆಗೆ ಹಣೆಯೊತ್ತಿ
ಹಲ್ಲು ಕಚ್ಚಿ ಕೂತಿರುತ್ತಿದ್ದವಳು.
ಅವಳದನ್ನೂ ತೆಗೆದಿದ್ದರು. ನೋವನ್ನು ಅಲ್ಲೇ ಬಿಟ್ಟಿದ್ದರು.
ಕರುಳು ಸರಿಯಾಗಿತ್ತಂತೆ ಕಣೇ, ನಾನೇ ಸರಿಯಿಲ್ಲ,
ಅಂತ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು.

ಒಂದೇ ಗಾಜು ಸಿಕ್ಕಿತು. ಬಣ್ಣ ಮಾಸಿ ಒಣಗುಲಾಬಿಯಾಗಿದೆ.
ಒಂದೇ ಬಿಲ್ಲೆ, ತುದಿಯದು.
ಕಣ್ಣು ಉರಿಯುವವರೆಗೂ ನೋಡಿದೆ.
ಉಂಗುರವಿಲ್ಲ. ತುಕ್ಕಿಲ್ಲ.
ಉಳಿದ ಬಿಲ್ಲೆಗಳನ್ನು ಯಾರೂ ಕೊಯ್ದಿರಲಿಲ್ಲ.

ಗಾಜಿನ ಅಂಚಿಗೆ ಅಂಟಿಸಿದ ಕಾಗದದಲ್ಲಿ
ಸಾಮಾನ್ಯ ಎಂದು ಯಾರೋ ಶಾಯಿಯಲ್ಲಿ ಬರೆದಿದ್ದರು.
ಜೇಬಿನಿಂದ ಪೆನ್ಸಿಲ್ ತೆಗೆದು
ಅದರ ಪಕ್ಕ ಒಂದು ಪ್ರಶ್ನೆಯ ಕೊಂಡಿ ಹಾಕಿ
ಪೆಟ್ಟಿಗೆ ಮುಚ್ಚಿದೆ.